ಸೇಫ್ಟಿ ಸಾಹೇಬರು ಕಾರು ಎತ್ತಿದ ಭಾನುವಾರ

ಕಾರು ಕಟ ಕಟ ಎನ್ನುತ್ತಿತ್ತು. ಸದಾ ಅಲ್ಲ, ರಸ್ತೆಯಲ್ಲಿ ಗುಂಡಿ ಬಂದಾಗ ಮಾತ್ರ. ಗುಂಡಿಯಿಲ್ಲದ ರಸ್ತೆ ಆ ಊರಿನಲ್ಲಿ ಇಲ್ಲದ್ದರಿಂದ ಎರಡೂ ಒಂದೇ ಆಗಿತ್ತು.

ಸದ್ದು ಹಿಂದಿನ ಬಲ ಚಕ್ರದ ಕಡೆಯಿಂದ ಬರುತ್ತಿತ್ತು. ಎರಡು ತಿಂಗಳಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ಎರಡು ಬೇರೆ ಬೇರೆ ರೋಗ ಹೇಳಿ ಎರಡಕ್ಕೂ ಮದ್ದು ಮಾಡಿದ್ದರು. ಸದ್ದು ಇಬ್ಬರ ಮಾತನ್ನೂ ಗೌರವದಿಂದ ಕೇಳಿಸಿಕೊಂಡು ತನ್ನ ಕೆಲಸ ಮುಂದುವರಿಸಿತ್ತು.

ಕಾರಿನ ಒಡೆಯರನ್ನು ಬೀದಿಯವರು ಸೇಫ್ಟಿ ಸಾಹೇಬರು ಎನ್ನುತ್ತಿದ್ದರು. ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಏಣಿ ಹತ್ತುವುದು ಹೇಗೆ, ಭಾರ ಎತ್ತುವುದು ಹೇಗೆ, ಬೆಂಕಿ ಬಿದ್ದರೆ ಓಡುವುದು ಹೇಗೆ ಎಂದು ಹನ್ನೊಂದು ವರ್ಷದಿಂದ ಭಾಷಣ ಮಾಡಿಕೊಂಡು ಬಂದವರು. ತಾವಾಗಿ ಏಣಿ ಹತ್ತಿದವರಲ್ಲ, ಭಾರ ಎತ್ತಿದವರಲ್ಲ. ಹಾಗಾಗಿ ಮೈಮೇಲೆ ಒಂದು ಗೀರೂ ಇರಲಿಲ್ಲ. ಸುರಕ್ಷತೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಒಡೆಯರು ಎಂದದ್ದೂ ಬಾಯಿಮಾತಿಗೆ. ಕಾರು ಮಾವನವರದು. ಮಾವ ನಿವೃತ್ತ ಜಡ್ಜ್. ಕಣ್ಣು ಮಂಜಾದ ಮೇಲೆ ಕಾರನ್ನು ಕಿರಿಯಳಿಯನಿಗೆ ಬಳಸಲು ಕೊಟ್ಟಿದ್ದರು, ಕಾಗದಪತ್ರ ಮಾತ್ರ ತಮ್ಮ ಹೆಸರಿನಲ್ಲೇ ಇಟ್ಟುಕೊಂಡಿದ್ದರು. ಶನಿವಾರ ಅವರ ಫೋನು ಬಂತು.

"ಅಳಿಯಂದ್ರೇ, ನಾಳೆ ನಾಲ್ಕು ಗಂಟೆಗೆ ಬರ್ತೀನಿ. ಕಾರಲ್ಲಿ ಒಂದು ಸುತ್ತು ಹೋಗೋಣ. ಆ ಸದ್ದು ಇನ್ನೂ ಇದ್ರೆ ನಿಮಗೆ ಗಾಡಿ ನೋಡ್ಕೊಳ್ಳೋಕೆ ಬರಲ್ಲ ಅಂತ ಸಾಬೀತಾಗತ್ತೆ. ದೊಡ್ಡಳಿಯಂದಿರಿಗೆ ಕೊಟ್ಬಿಡ್ತೀನಿ."

ಮಾವನವರ ತೀರ್ಪಿಗೆ ಅಪೀಲು ಇರುತ್ತಿರಲಿಲ್ಲ. ಭಾನುವಾರ ಮೆಕ್ಯಾನಿಕ್‌ಗಳೂ ಇರುತ್ತಿರಲಿಲ್ಲ.

"ನಾನೇ ಎತ್ತಿ ನೋಡ್ತೀನಿ" ಎಂದರು ಸಾಹೇಬರು ಬೆಳಿಗ್ಗೆ.

"ಏನನ್ನ?" ಎಂದಳು ಹೆಂಡತಿ.

"ಕಾರನ್ನ."

"ಹೋದ ತಿಂಗಳು ಗ್ಯಾಸ್ ಸಿಲಿಂಡರ್ ಎತ್ತೋಕೆ ಪಕ್ಕದ ಮನೆಯವರನ್ನ ಕರೆದಿದ್ರಿ."

"ಅದು ಕೈಯಲ್ಲಿ. ಇದು ಜಾಕಲ್ಲಿ. ವ್ಯತ್ಯಾಸ ಇದೆ ಕಣೇ."

ಎಂಟು ಗಂಟೆಗೆ ಸಾಹೇಬರು ಹಳದಿ ಹೆಲ್ಮೆಟ್, ಕೈಗವಸು, ಕತ್ತಲಲ್ಲಿ ಹೊಳೆಯುವ ಜಾಕೆಟ್ ತೊಟ್ಟು ಬಿಸಿಲಿನಲ್ಲಿ ಪ್ರತ್ಯಕ್ಷರಾದರು. ಕೈಯಲ್ಲಿ ರಾತ್ರಿ ಕೂತು ಬರೆದ ಹನ್ನೆರಡು ಅಂಶಗಳ ಪಟ್ಟಿ. ಕಾಲ ಬಳಿ ಕಾರ್ಖಾನೆಯ ಸ್ಟೋರಿನಿಂದ ಸಹಿ ಹಾಕಿ ತಂದಿದ್ದ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಚಕ್ರಕ್ಕೆ ಒಡ್ಡಲು ಎರಡು ಮರದ ಬೆಣೆ.

ಮೊದಲನೆಯ ಅಂಶ: ಎತ್ತುವ ಮುನ್ನ ವಾಹನದ ಭಾರ ಇಳಿಸಿ.

ಡಿಕ್ಕಿ ಖಾಲಿಯಾಯಿತು. ಸ್ಟೆಪ್ನಿ, ಜಾಕು, ಸ್ಪ್ಯಾನರಿನ ಚೀಲ, ಮುರಿದ ಕೊಡೆ, ಒಂಟಿ ಚಪ್ಪಲಿ, ಮೂರು ವರ್ಷದ ಹಿಂದಿನ ದಿನಪತ್ರಿಕೆ, ಎಲ್ಲ ಅಂಗಳಕ್ಕೆ ಬಂದವು. "ಮನೆ ಖಾಲಿ ಮಾಡ್ತಿದೀವಾ ನಾವು?" ಎಂದಳು ಹೆಂಡತಿ.

ಎರಡನೆಯ ಅಂಶ: ನೆಲ ಗಟ್ಟಿಯಾಗಿ, ಸಮತಟ್ಟಾಗಿರಲಿ.

ಇದನ್ನು ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಪಕ್ಕದ ಮನೆಯ ನಿವೃತ್ತ ಸರ್ವೇಯರ್ ಕಾಂಪೌಂಡಿನ ಮೇಲೆ ತಲೆ ಹಾಕಿದರು. ಅಳೆಯಲು ಏನೂ ಸಿಗದೆ ಆರು ವರ್ಷದಿಂದ ಸೊರಗಿದ್ದ ಮನುಷ್ಯ.

"ಸಾರ್, ನಿಮ್ಮ ಅಂಗಳ ಇಳಿಜಾರು."

"ನೋಡೋಕೆ ಸಮ ಇದೆಯಲ್ಲ ಸಾರ್."

"ನೋಡೋಕೆ ಭೂಮಿನೂ ಚಪ್ಪಟೆ ಸಾರ್!" ಎನ್ನುತ್ತ ಒಳಗೆ ಹೋಗಿ ರಸಮಟ್ಟ ತಂದು ನೆಲಕ್ಕಿಟ್ಟರು. ಅದರ ಗುಳ್ಳೆ ಪರೀಕ್ಷೆಗೆ ಕೂತ ಹುಡುಗನ ಕಣ್ಣಿನಂತೆ ಪಕ್ಕಕ್ಕೆ ಸರಿಯಿತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮದು ಕುಣಿಯೋಕ್ ಮುಂಚೇನೇ ಶುರುವಾಯ್ತು" ಎಂದು ಹೆಂಡತಿ ಒಳಗೆ ಹೋದಳು.

ಅಷ್ಟರಲ್ಲಿ ಎದುರುಮನೆಯ ಡ್ರೈವರ್ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡೇ ಬಂದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಸಣ್ಣ ವಾಹನಗಳ ಮೇಲೆ ಅವರಿಗೆ ಹುಟ್ಟಾ ತಿರಸ್ಕಾರ. "ಇದನ್ನೆತ್ತೋಕೆ ಜಾಕ್ ಬೇಕಾ ಸ್ವಾಮಿ? ನಾಲ್ಕು ಜನ ಹಿಡಿದ್ರೆ ಸಾಲದಾ?" ಎಂದು ಕುರ್ಚಿ ಹಾಕಿ ಕೂತರು.

ಕಾರು ರಸ್ತೆಗಿಳಿಯಿತು. ಚರಂಡಿಯ ಚಪ್ಪಡಿ ದಾಟಿ, ಹಿಂದೆ, ಮುಂದೆ, ಮತ್ತೆ ಹಿಂದೆ. ಒಂದು ಕಡೆಯಿಂದ ಸರ್ವೇಯರ್ "ಎಡಕ್ಕೆ ಸಾರ್", ಇನ್ನೊಂದು ಕಡೆಯಿಂದ ಡ್ರೈವರ್ "ಬರ್ಲಿ ಬರ್ಲಿ ಬರ್ಲಿ". ಬೇರೇನೂ ಕಿವಿಗೆ ಬೀಳದಷ್ಟು ಗದ್ದಲ. ಕೊನೆಗೆ ಗುಳ್ಳೆ ನಟ್ಟನಡುವೆ ನಿಂತ ಜಾಗ ಇಡೀ ಬೀದಿಯಲ್ಲಿ ಒಂದೇ ಸಿಕ್ಕಿತು. ಅದು ಸರ್ವೇಯರ್ ಮನೆಯ ಗೇಟಿನ ಎದುರು. ಹತ್ತು ಗಂಟೆಗೆ ಹೊರಡಬೇಕಿದ್ದ ತಮ್ಮ ಸ್ಕೂಟರನ್ನು ಹೊರಗೆ ತರಲಾಗದು ಎಂದು ಅವರಿಗೆ ಹೊಳೆದದ್ದು ಹತ್ತೂಕಾಲಿಗೆ.

ಕಾರು ಗೇರಿನಲ್ಲಿ ನಿಂತಿತು, ಹ್ಯಾಂಡ್‌ಬ್ರೇಕ್ ಏರಿತು. ಮುಂದಿನ ಚಕ್ರಗಳಿಗೆ ಬೆಣೆ ಬಿದ್ದವು. ಬಾಗಿಲ ಕೆಳಗಿನ ಅಂಚಿನಲ್ಲಿ ಜಾಕು ಕೂರಬೇಕಾದ ಗುರುತು ಹುಡುಕಲು ಸಾಹೇಬರು ನೆಲಕ್ಕೆ ಕೆನ್ನೆ ಒತ್ತಿ ಮಲಗಿದರು. ಹೆಲ್ಮೆಟ್ ಅಡ್ಡ ಬಂದು ಏನೂ ಕಾಣಲಿಲ್ಲ. ಹೆಲ್ಮೆಟ್ ತೆಗೆಯುವುದು ಪಟ್ಟಿಗೆ ವಿರುದ್ಧ. ಕೈಯಲ್ಲಿ ತಡವಿ ಗುರುತು ಹಿಡಿದು, ಜಾಕು ಇಟ್ಟು, ತಿರುಗಿಸಿದರು. ಅರ್ಧ ಗಂಟೆ ತಿರುಗಿಸಿದ ಮೇಲೆ ಚಕ್ರ ನೆಲ ಬಿಟ್ಟಿತು. ಬೆವರೊರೆಸಿಕೊಂಡು ನಟ್ಟಿಗೆ ಸ್ಪ್ಯಾನರ್ ಹಾಕಿದರು.

"ಸ್ವಾಮೀ!" ಡ್ರೈವರ್ ಕುರ್ಚಿಯಿಂದಲೇ ಕೂಗಿದರು. "ಎತ್ತಿದ ಮೇಲೆ ನಟ್ಟಿಗೆ ಜೋರು ಮಾಡಿದ್ರೆ ಗಾಡಿ ಜಾಕ್ ಮೇಲಿಂದ ಜಾರತ್ತೆ. ನೆಲದ ಮೇಲಿದ್ದಾಗ್ಲೇ ಅರ್ಧ ಸುತ್ತು ಸಡಿಲ ಮಾಡ್ಬೇಕಿತ್ತು. ಪಟ್ಟಿಯಲ್ಲಿ ಬರ್ದಿಲ್ವಾ?"

ಬರೆದಿರಲಿಲ್ಲ.

"ಮೊದಲೇ ಹೇಳ್ಬಾರ್ದಿತ್ತಾ ಸಾರ್?"

"ನೀವು ಸೇಫ್ಟಿಯವರು. ನಿಮಗೆ ನಾನು ಹೇಳೋದಾ?"

ಕಾರು ಇಳಿಯಿತು, ನಟ್ಟು ಸಡಿಲವಾಯಿತು, ಕಾರು ಮತ್ತೆ ಏರಿತು. ಈ ಸಲ ಸ್ಟ್ಯಾಂಡೂ ಕೆಳಗೆ ಕೂತಿತು. ಜಾಕಿನ ಭರವಸೆಯಲ್ಲಿ ಯಾರೂ ಕಾರಿನಡಿ ತಲೆ ಹಾಕಬಾರದು ಎಂಬ ಎಂಟನೆಯ ಅಂಶವನ್ನು ಸಾಹೇಬರು ಎರಡು ಸಲ ಓದಿ ಹೇಳಿ, ಕಾರನ್ನು ಅಲುಗಿಸಿ ನೋಡಿ, ಚಕ್ರ ಬಿಚ್ಚಿದರು. ಆಮೇಲೆ ಮೂರು ತಲೆಗಳು ಒಟ್ಟಿಗೆ ಒಳಗೆ ಬಗ್ಗಿದವು.

ಒಳಗೆ ಎಲ್ಲವೂ ಚೆನ್ನಾಗಿತ್ತು. ಬೋಲ್ಟು ಬಿಗಿಯಾಗಿತ್ತು, ಸೈಲೆನ್ಸರ್ ಅಲುಗಾಡಲಿಲ್ಲ, ಮೆಕ್ಯಾನಿಕ್‌ಗಳು ಹಾಕಿದ ಹೊಸ ರಬ್ಬರು ಮದುಮಗನಂತೆ ಹೊಳೆಯುತ್ತಿತ್ತು. ಏನೂ ಸಿಗದಿದ್ದಾಗ ಮಾಡುವ ಕೆಲಸವನ್ನೇ ಸಾಹೇಬರು ಮಾಡಿದರು: ಬಿಗಿಯಾಗಿದ್ದ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡಿದರು.

ಚಕ್ರ ಹಾಕಲು ಹೋದರೆ ನಾಲ್ಕು ನಟ್ಟಿನಲ್ಲಿ ಒಂದಿಲ್ಲ. ಒಂದು ಗಂಟೆಯಿಂದ ಎರಡೂವರೆಯವರೆಗೆ ಬೀದಿಯ ಆ ಭಾಗವನ್ನು ಗುಡಿಸಿ, ಜಾಲಾಡಿ, ಚರಂಡಿಯಲ್ಲಿ ಕಡ್ಡಿ ಆಡಿಸಿ ಹುಡುಕಿದರು. ಸರ್ವೇಯರ್ ಅಂತೂ ಜಾಗವನ್ನು ಚೌಕ ಚೌಕವಾಗಿ ವಿಂಗಡಿಸಿಕೊಟ್ಟರು. ಎರಡೂವರೆಗೆ ಡ್ರೈವರ್ ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದರು.

"ಓ, ಇಲ್ಲೇ ಇದೆ. ಕಳೆದುಹೋಗಬಾರದೂಂತ ನಾನೇ ಎತ್ತಿಟ್ಟಿದ್ದೆ."

ಸಾಹೇಬರು ಸ್ಪ್ಯಾನರನ್ನು ಬಿಗಿಯಾಗಿ ಹಿಡಿದು ಹತ್ತರವರೆಗೆ ಎಣಿಸಿದರು. ಅದೂ ಸುರಕ್ಷತಾ ಕ್ರಮವೇ.

ಮೂರೂಕಾಲಿಗೆ ಕಾರು ನಾಲ್ಕು ಚಕ್ರದ ಮೇಲೆ ನಿಂತಿತು. ಮೂವರೂ ಹತ್ತಿ ಕೂತು, ಬೀದಿಯ ತುದಿಯ ಅತಿ ದೊಡ್ಡ ಗುಂಡಿಗೆ ಕಾರನ್ನು ಇಳಿಸಿದರು.

ಸದ್ದಿಲ್ಲ.

ಮತ್ತೆ ಇಳಿಸಿದರು. ಸದ್ದಿಲ್ಲ. ಸಾಹೇಬರ ಕಣ್ಣಲ್ಲಿ ನೀರಾಡಿತು. "ನಾನು ಹೇಳಿಲ್ವಾ, ಎಲ್ಲ ನೆಲದ ಮಟ್ಟದ ಮಹಿಮೆ" ಎಂದರು ಸರ್ವೇಯರ್. "ನಟ್ಟು ಸ್ವಾಮಿ, ನಟ್ಟು" ಎಂದರು ಡ್ರೈವರ್.

ಮನೆಗೆ ಬಂದು ಸಾಹೇಬರು ಒಬ್ಬರೇ ಸಾಮಾನು ತುಂಬತೊಡಗಿದರು. ಸ್ಟೆಪ್ನಿ ಕೂತಿತು. ಜಾಕನ್ನು ಡಿಕ್ಕಿಯ ಬಲಮೂಲೆಯಲ್ಲಿ ಅದರ ಜಾಗಕ್ಕಿಟ್ಟು ಕಾರನ್ನು ಅಂಗಳದೊಳಗೆ ನಿಲ್ಲಿಸಹೋದರು. ಚಕ್ರ ಚಪ್ಪಡಿ ಹತ್ತಿತು.

ಕಟ.

ಸಾಹೇಬರು ಡಿಕ್ಕಿ ತೆಗೆದು ಜಾಕನ್ನು ನೋಡಿದರು. ಹಿಂದೊಮ್ಮೆ ಪಂಕ್ಚರ್ ಹಾಕಿದವನು ಅದನ್ನು ಬಿಗಿ ಮಾಡದೆ ಹಾಗೇ ಎಸೆದುಹೋಗಿದ್ದ; ಸಾಹೇಬರೂ ಈಗ ಹಾಗೇ ಇಟ್ಟಿದ್ದರು. ಬೆರಳಲ್ಲಿ ತಳ್ಳಿದರು. ಕಟ ಕಟ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ್ದರು. ಅದೇ ಮಗುವಿನ ತಲೆಯ ಮೇಲೆ ಕಾರು ಹೊರಿಸಿ, ಅದರಡಿಯಲ್ಲಿ ಹುಡುಕಿದ್ದರು.

ಅತ್ತಿತ್ತ ನೋಡಿದರು. ಯಾರೂ ಇಲ್ಲ. ಜಾಕನ್ನು ಮೆಟ್ಟಿಲ ಕೆಳಗಿನ ಗೋಣಿಚೀಲದಡಿ ತುರುಕಿ, ಮುಖಕ್ಕೆ ಪರಿಣತನ ಕಳೆ ತಂದುಕೊಂಡರು.

ಸರಿಯಾಗಿ ನಾಲ್ಕಕ್ಕೆ ಬೀದಿಯ ತುದಿಯಲ್ಲಿ ಕಟ ಕಟ ಲೊಟ ಲೊಟ ಎಂದು ಸದ್ದೆದ್ದಿತು. ಕಾರು ಕಂಡದ್ದು ಆಮೇಲೆ. ದೊಡ್ಡಳಿಯ, ಅಂದರೆ ಸಾಹೇಬರ ಷಡ್ಡಕ, ಮಾವನವರೇ ಕೊಡಿಸಿದ್ದ ತನ್ನ ಕಾರಿನಲ್ಲಿ ಅವರನ್ನು ಕರೆತಂದಿದ್ದ. ಸಾಹೇಬರ ಕಾರಿಗಿಂತ ಹೊಸದು, ದೊಡ್ಡದು. ಸದ್ದೂ ಹಾಗೆಯೇ.

ಮಾವನವರು ಕಾಫಿಯನ್ನೂ ಮುಟ್ಟದೆ ಕಿರಿಯಳಿಯನ ಕಾರು ಹತ್ತಿದರು. ಮೂರು ಬೀದಿ ಸುತ್ತಿ, ಪ್ರತಿ ಗುಂಡಿಯಲ್ಲೂ ಕಣ್ಣು ಮುಚ್ಚಿ ಆಲಿಸಿದರು. ಇಳಿದವರೇ ಅಳಿಯನ ಬೆನ್ನು ತಟ್ಟಿದರು.

"ಏನಾಗಿತ್ತು?"

"ಒಳಗಿನ ಒಂದು ಬೋಲ್ಟು ಮಾವ. ಸಾಮಾನ್ಯರ ಕಣ್ಣಿಗೆ ಕಾಣಲ್ಲ" ಎಂದರು ಸಾಹೇಬರು. "ಪದ್ಧತಿ ಪ್ರಕಾರ ಹೋದ್ರೆ ಸಿಕ್ಕೇ ಸಿಗತ್ತೆ."

ಮಾವನವರು ದೊಡ್ಡಳಿಯನತ್ತ ಕೈ ತೋರಿ ಗಂಟಲು ಸರಿಮಾಡಿಕೊಂಡರು. ತೀರ್ಪು ಬರುವ ಲಕ್ಷಣ.

"ಇವರ ಗಾಡಿನ ಆರು ತಿಂಗಳಿಂದ ನಾಲ್ಕು ಮೆಕ್ಯಾನಿಕ್‌ಗಳು ನೋಡಿದಾರೆ, ಏನೂ ಆಗಿಲ್ಲ. ರೋಗಿ ಇರಬೇಕಾದ್ದು ವೈದ್ಯರ ಮನೆಯಲ್ಲಿ. ಇವತ್ತಿಂದ ಅದು ನಿಮಗೆ, ಇದು ಇವರಿಗೆ."

ಹೆಂಡತಿಯ ಮುಖ ಸಣ್ಣದಾಯಿತು. "ಅಪ್ಪಾ, ಬೆಳಗ್ಗಿಂದ ಒದ್ದಾಡಿದಾರೆ ಇವರು..."

"ನೀನು ಸುಮ್ನಿರೇ" ಎಂದರು ಸಾಹೇಬರು. ಅವರ ತಲೆಯಲ್ಲಿ ಲೆಕ್ಕ ಮುಗಿದಿತ್ತು. ಹೊಸ ಕಾರು, ದೊಡ್ಡ ಕಾರು; ಡಿಕ್ಕಿ ತೆಗೆದು ಜಾಕು ಎತ್ತಿಡುವಷ್ಟೇ ಕೆಲಸ. "ದೊಡ್ಡವರ ಮಾತು ಮೀರಬಾರದು. ಭಾವ, ತಗೊಳ್ಳಿ" ಎಂದು ಕೀಲಿಕೈಯನ್ನು ತಾವೇ ಷಡ್ಡಕನ ಕೈಗಿಟ್ಟರು. ಅವನ ಕೀಲಿಕೈಯನ್ನು ತುಸು ಬೇಗನೇ ಕಿತ್ತುಕೊಂಡರು.

ಮಾವನವರನ್ನು ಹೊತ್ತ ಹಳೆಯ ಕಾರು ಬೀದಿಯ ತುದಿಯ ಗುಂಡಿಯನ್ನು ಬೆಕ್ಕಿನಂತೆ ಸದ್ದಿಲ್ಲದೆ ದಾಟಿ ಹೋಯಿತು.

"ಬುದ್ಧಿ ನೆಟ್ಟಗಿದೆಯೇನ್ರೀ ನಿಮಗೆ?" ಎಂದಳು ಹೆಂಡತಿ.

"ಎರಡೇ ನಿಮಿಷ ಇರು" ಎಂದು ಕಣ್ಣು ಮಿಟುಕಿಸಿ ಸಾಹೇಬರು ಹೊಸ ಕಾರಿನ ಡಿಕ್ಕಿ ಎತ್ತಿದರು.

ಡಿಕ್ಕಿ ಗುಡಿಸಿ ಒರೆಸಿದಂತಿತ್ತು. ಚಾಪೆ ಎತ್ತಿದರು. ಸ್ಟೆಪ್ನಿ ಬಿಗಿಯಾಗಿ ಕೂತಿತ್ತು. ಅದರ ಪಕ್ಕ, ಜಾಕು ಇರಬೇಕಾದ ಜಾಗ ಬರಿದಾಗಿತ್ತು. ಕಾರನ್ನು ಹಿಡಿದು ಅಲುಗಿಸಿದರು. ಕಟ ಕಟ ಲೊಟ ಲೊಟ.

ಷಡ್ಡಕನಿಗೆ ಫೋನು ಮಾಡಿದರು. "ಭಾವ, ನಿಮ್ಮ ಜಾಕು ಎಲ್ಲಿದೆ?"

"ಜಾಕಾ? ಅದನ್ನ ಆರು ತಿಂಗಳ ಹಿಂದೇನೇ ತೆಗೆದು ಮನೇಲಿಟ್ಟೆ" ಎಂದ ಷಡ್ಡಕ. "ಸದ್ದು ಬಂದ್ರೆ ಯಾರಾದ್ರೂ ಮೊದಲು ನೋಡೋದು ಅದನ್ನೇ ಅಲ್ವಾ? ಅದಲ್ಲ. ಇದು ಬೇರೆ ಏನೋ ಇದೆ. ನೀವೇ ಪದ್ಧತಿ ಪ್ರಕಾರ ನೋಡ್ಬೇಕು."

ಫೋನು ಇಟ್ಟು ಸಾಹೇಬರು ಮೆಟ್ಟಿಲ ಕೆಳಗೆ ಬಗ್ಗಿ ಗೋಣಿಚೀಲ ಸರಿಸಿದರು. ಜಾಕು ಅಲ್ಲೇ ಕಾಯುತ್ತಿತ್ತು. ಕಾಂಪೌಂಡಿನಾಚೆ ಸರ್ವೇಯರ್ ರಸಮಟ್ಟದ ಧೂಳು ಒರೆಸುತ್ತಿದ್ದರು. ಎದುರುಮನೆಯ ಡ್ರೈವರ್ ಕುರ್ಚಿಯನ್ನು ಒಳಗೆ ಒಯ್ಯಲೇ ಇಲ್ಲ.

"ಸ್ವಾಮೀ, ಈ ಸಲ ನಟ್ಟು ಮೊದಲು" ಎಂದು ಅಲ್ಲಿಂದಲೇ ಕೂಗಿದರು.