ಟ್ಯಾನರ್ಸ್ ಬೀದಿಯ ಮಸಿ ಒರೆಸಿದ ಮಹನೀಯರಿಗೆ

ಥಾರ್ನ್‌ಕ್ಲಫ್ ಪರಂಪರಾ ಭವನದ ನಿರ್ದೇಶಕರಾದ ಶ್ರೀ ಜೂಲಿಯನ್ ಪ್ರೆಸ್ಕಾಟ್ ಅವರ ಶುಭ್ರ ಸನ್ನಿಧಿಗೆ,

ಮಾನ್ಯರೇ,

ಒದ್ದೆ ಬಟ್ಟೆ ಕೆಳಗಿಟ್ಟು ಬಿಡುವಾದಾಗ ತಾವು ಓದಿಕೊಳ್ಳಲೆಂದು, ಪುಟ್ಟ ಮನೆಗಳನ್ನು ಕಟ್ಟುವ ಹುಚ್ಚಿನವನಾದ ನಾನು ಇದನ್ನು ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಈಗ ಕಾರು ನಿಲ್ಲಿಸುವ ಬಯಲಾಗಿರುವ ನಮ್ಮ ಟ್ಯಾನರ್ಸ್ ಬೀದಿಯನ್ನು ತಮ್ಮ ಗಾಜಿನ ಪೆಟ್ಟಿಗೆಗಾಗಿ ಅಂಗೈಯಗಲದ ಮನೆಗಳಲ್ಲಿ ಕಟ್ಟಿಕೊಟ್ಟವನು ನಾನೇ. ಅಂಗಡಿಯ ಸಿದ್ಧ ತುಂಡು ಒಂದನ್ನೂ ಮುಟ್ಟದೆ, ರಟ್ಟಿನ ಮೇಲೆ ಸೂಜಿಯಿಂದ ಒಂದೊಂದೇ ಇಟ್ಟಿಗೆ ಗೀರಿ, ಬಿಸ್ಕತ್ತಿನ ಡಬ್ಬದ ತಗಡಿನಲ್ಲಿ ಮಳೆನೀರಿನ ಕೊಳವೆ ಸುತ್ತಿ, ಅದೆಲ್ಲ ಮುಗಿದ ಮೇಲೆ ಇಡೀ ಒಂದು ಚಳಿಗಾಲವನ್ನು ಕೊಳೆ ಮಾಡುವುದರಲ್ಲೇ ಕಳೆದೆ. ಹತ್ತಿಗಿರಣಿಯ ಹೊಗೆ ಬಡಿಯುತ್ತಿದ್ದ ಗೋಡೆಗೆ ಇದ್ದಿಲ ಪುಡಿ, ಸೋರುವ ಕೊಳವೆಯ ಕೆಳಗೆ ಚಹಾದ ಕಲೆ, ಬಚ್ಚಲಿನ ಮೂಲೆಗೆ ಪಾಚಿ. ಆ ಬೀದಿಯಲ್ಲಿ ಬೆಳ್ಳಗಿದ್ದದ್ದು ಒಂದೇ: ಬಾಗಿಲ ಮೆಟ್ಟಿಲು. ಗಿರಣಿಯ ಹೆಂಗಸರು ಮೊಣಕಾಲೂರಿ, ಬಣ್ಣ ಬಿಡುವ ಮೆದುಗಲ್ಲಿನಿಂದ ತಿಕ್ಕಿ ತಿಕ್ಕಿ ಅದನ್ನು ಬೆಣ್ಣೆಯ ಬಣ್ಣಕ್ಕೆ ತರುತ್ತಿದ್ದರು. ಮೆಟ್ಟಿಲು ಮಾಸಿದ ಮನೆಯ ಹೆಂಗಸನ್ನು ಬೀದಿ ಮಾತಾಡಿಸುತ್ತಿರಲಿಲ್ಲ. ನನ್ನ ಪುಟ್ಟ ಮೆಟ್ಟಿಲುಗಳಿಗೂ ಅದೇ ಬಣ್ಣ ಕೊಟ್ಟಿದ್ದೆ.

ಉದ್ಘಾಟನೆಯ ಮುಂಜಾನೆ ತಾವು, "ಅಯ್ಯಯ್ಯೋ, ಏನ್ರೀ ಇಷ್ಟೊಂದು ಧೂಳು! ಮೇಯರ್ ಬರ್ತಿದಾರೆ, ಮಾನ ಹೋಗುತ್ತೆ!" ಎಂದು ಉದ್ಗರಿಸಿ, ಸ್ವಹಸ್ತದಿಂದಲೇ ಬೀದಿಗೆ ಸ್ನಾನ ಮಾಡಿಸಿದಿರೆಂದು ಕಾವಲುಗಾರರಿಂದ ತಿಳಿಯಿತು. ನೂರು ವರ್ಷದ ಹೊಗೆಯನ್ನು ಚಹಾ ಆರುವುದರೊಳಗೆ ಇಳಿಸಿದ ತಮ್ಮ ಪರಾಕ್ರಮವನ್ನು ಎಷ್ಟು ಹೊಗಳಿದರೂ ಸಾಲದು. ಗೋಡೆಗಳು ಈಗ ಹೊಸ ಸಾಬೂನಿನಂತಿವೆ. ಆದರೆ ಅದೇ ಮಸಿಬಟ್ಟೆಯನ್ನು ತಾವು ಕೊನೆಗೆ ಮೆಟ್ಟಿಲುಗಳ ಮೇಲೂ ಎಳೆದಿರಿ. ಕೊಳೆಯಾಗಿರಬೇಕಾದದ್ದನ್ನು ತೊಳೆದು, ತೊಳೆದಿರಬೇಕಾದದ್ದನ್ನು ಕೊಳೆ ಮಾಡುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ.

ತೊಂಬತ್ತು ದಾಟಿದ ಎಡ್ನಾ ಆರ್ಮರಾಡ್ ಅವರು ಹುಟ್ಟಿದ್ದು ಆ ಬೀದಿಯ ಮೂಲೆಮನೆಯಲ್ಲಿ. ಗಂಡ ಸತ್ತ ಮರುದಿನವೂ ಮೆಟ್ಟಿಲು ತಿಕ್ಕಿದ ತಾಯಿಯ ಮಗಳು ಅವರು. ಆ ಮೆಟ್ಟಿಲನ್ನು ಇನ್ನೊಮ್ಮೆ ನೋಡಿ ಸಾಯುತ್ತೇನೆಂದು, ಹೊಸ ಟೋಪಿ ಹಾಕಿಕೊಂಡು, ಗಾಲಿಕುರ್ಚಿಯಲ್ಲಿ ಉದ್ಘಾಟನೆಗೆ ಬಂದಿದ್ದರು. ಗಾಜಿಗೆ ಮೂಗು ತಾಗಿಸಿ ನೋಡಿದರು. ಪಕ್ಕದಲ್ಲಿದ್ದ ಹಳೆಯ ನೆರೆಯಾಕೆ "ಎಡ್ನಾ, ನಿಮ್ಮನೆ ಇದೇ ಅಲ್ವೇನೇ?" ಎಂದು ಕೇಳಿದಾಗ, "ಥೂ, ನಮ್ಮದಲ್ಲಪ್ಪ. ಯಾರೋ ಮೈಗಳ್ಳಿಯ ಮನೆ" ಎಂದು ಮುಖ ತಿರುಗಿಸಿಕೊಂಡರು. ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದು, "ನಾರ್ಮನ್, ನಮ್ಮಮ್ಮನ ಮಾನ ಕಳೆದ್ಯಲ್ಲೋ" ಎಂದು ಅತ್ತರು. ತಮ್ಮ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಆದ್ದರಿಂದ ನನ್ನ ವಿನಮ್ರ ಬೇಡಿಕೆಗಳು ಇಷ್ಟೇ. ಆ ಬಟ್ಟೆಯನ್ನು ಹಿಂಡಿ, ಮಸಿಯನ್ನು ಮನೆಮನೆಗೆ ಬೇರ್ಪಡಿಸಿ, ಅದರದರ ಗೋಡೆಗೆ ಮರಳಿಸತಕ್ಕದ್ದು. ಅದಾಗದಿದ್ದರೆ ಹಿಂದಿನ ಕಾಲಕ್ಕೇ ಹೋಗಿ, ಗಿರಣಿಯ ಚಿಮಣಿಗಳಿಗೆ ಮುಚ್ಚಳ ಹಾಕಿ, ತಮ್ಮ ಗೋಡೆಗಳನ್ನು ಸತ್ಯವಾಗಿಸತಕ್ಕದ್ದು. ಮಹಡಿಯ ಮೇಲಿನ ರೋಮನ್ ನಾಣ್ಯಗಳಿಗೂ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಸಂಗ್ರಹ ಪೂರ್ತಿ ಲಕಲಕ ಎನ್ನುತ್ತದೆ.

ತಮ್ಮ ಶುಚಿತ್ವಕ್ಕೆ ತಲೆಬಾಗಿದ,
ತಮ್ಮ ವಿಶ್ವಾಸಿ,
ನಾರ್ಮನ್ ಎಂಟ್‌ವಿಸಲ್

ತಾ.ಕ.: ಶುಕ್ರವಾರ ಮುಂಜಾನೆ ಎಡ್ನಾ ಅವರು ತಾಯಿಯ ಕಲ್ಲು, ಒಂದು ಬಕೆಟ್ ನೀರು ಹಿಡಿದು ತಮ್ಮ ಭವನದ ಮೆಟ್ಟಿಲ ಮುಂದೆ ಕೂರಲಿದ್ದಾರೆ. ಅವರಿಗೆ ಮೊಣಕಾಲು ಬಗ್ಗುವುದಿಲ್ಲ. ತಿಕ್ಕುವವರು ತಾವು. ಸರಿಯಾಯಿತೋ ಇಲ್ಲವೋ ಅವರು ನೋಡಿ ಹೇಳುತ್ತಾರೆ. ಹಳೆಯ ಬೀದಿಯವರೆಲ್ಲ ನೋಡಲು ಬರುತ್ತಾರೆ.