ಕುಂಬಳಕಾಯಿಗೆ ಎಣ್ಣೆನೀರು

ಮಗು ಹುಟ್ಟಿದ ಮನೆಯಲ್ಲಿ ಬೇರೆ ಟೀವಿ ಬೇಡ. ದಿನಕ್ಕೊಂದು ಎಪಿಸೋಡು ತಾನಾಗಿಯೇ ನಡೆಯುತ್ತೆ, ಅದೂ ಜಾಹೀರಾತಿಲ್ಲದೆ. ನಮ್ಮನೆಯಲ್ಲಂತೂ ಅದರ ಜೊತೆಗೆ ಕ್ರಿಸ್‌ಮಸ್ ರಜಾನೂ ಬಂತು, ಮೈಸೂರಿಂದ ಅಮ್ಮನೂ ಬಂದಳು. ಇನ್ನು ಕೇಳಬೇಕಾ?

ಆಗ ನಾವು ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನವೆಂಬರಿನಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಅಂತ ಬಂದ ಅಮ್ಮನ ವಾಪಸ್ ಟಿಕೆಟ್ ಜನವರಿಗೆ ಬುಕ್ ಆಗಿತ್ತು. ಆ ಟಿಕೆಟ್ ಕಣ್ಣಿಗೇ ಬೀಳಬಾರದು ಅಂತ ಬೀರುವಿನ ತಳಕ್ಕೆ ತಳ್ಳಿಬಿಟ್ಟಿದ್ದೆ. ಯಾಕೆ ಅಂದರೆ, ಮಗುವಿಗೆ ನಾನು ಒಂದೇ ಒಂದು ದಿನವೂ ಸ್ನಾನ ಮಾಡಿಸಿರಲಿಲ್ಲ. ಎಣ್ಣೆ ಹಚ್ಚಿದ ಕೂಸು ಕೈಯಿಂದ ಜಾರಿಬಿಟ್ಟರೆ ಅನ್ನೋ ಭಯ. ಅಮ್ಮ ದಿನಾ ಬೆಳಿಗ್ಗೆ "ಇವತ್ತು ನೀನೇ ಹಾಕೇ ನೀರು" ಅನ್ನೋಳು. ನನಗೆ ದಿನಾ ಅದೇ ಹೊತ್ತಿಗೆ ಸೊಂಟನೋವು ಬರ್ತಿತ್ತು.

ಗಂಟೆಯ ವ್ಯವಸ್ಥೆ

ಅಮ್ಮ ಮಗುವಿಗೆ ನೀರು ಹಾಕೋ ರೀತಿ ನಮ್ಮ ಕಡೆಯದ್ದೇ. ಕಾಲು ನೀಡಿ ಕೂತು, ಮಗುವನ್ನ ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿಬಿಸಿ ನೀರು ಹೊಯ್ಯೋದು. ಇಲ್ಲಿಯ ಬಚ್ಚಲಲ್ಲಿ ಕಾಲು ನೀಡೋಕೆ ಜಾಗ ಎಲ್ಲಿದೆ? ಅಮ್ಮ ಒಂದು ಸಲ ಸುತ್ತ ನೋಡಿದಳು, ಸೀರೆ ಎತ್ತಿ ಕಟ್ಟಿದಳು, ಖಾಲಿ ಬಾತ್‌ಟಬ್ಬಿನೊಳಗೆ ಇಳಿದು ಕಾಲು ನೀಡಿ ಕೂತೇಬಿಟ್ಟಳು. "ಎಷ್ಟು ಅನುಕೂಲ ನೋಡು! ಬಾಣಂತಿ ಮನೆಗೆ ಅಂತಲೇ ಮಾಡಿಸಿದ್ದಾರೆ" ಅಂದಳು.

ನೀರು ಹಾಕಿದ ಮೇಲೆ ಸಾಂಬ್ರಾಣಿ. ಮೊದಲನೇ ದಿನ ಕೆಂಡದ ಮೇಲೆ ಒಂದು ಚಿಟಿಕೆ ಹಾಕಿದ್ದಷ್ಟೇ, ಹೊಗೆ ಮೇಲೆ ಹೋಯಿತು, ಚಾವಣಿಯ ಬೆಂಕಿ ಅಲಾರಂ ಕಿವಿ ಕಿತ್ತುಹೋಗೋ ಹಾಗೆ ಬಡಿದುಕೊಳ್ಳೋಕೆ ಶುರುವಾಯಿತು. ನನ್ನ ಗಂಡ ಕುರ್ಚಿ ಹತ್ತಿ ಟವೆಲ್ ಬೀಸಿದ್ದೇ ಬೀಸಿದ್ದು. ನಾನು ಮಗುವಿನ ಕಿವಿ ಮುಚ್ಚಿಕೊಂಡು ಓಡಿದೆ. ಅಮ್ಮ ಮಾತ್ರ ಎರಡೂ ಕೈ ಮುಗಿದು, ಕಣ್ಣು ಮುಚ್ಚಿ ನಿಂತಿದ್ದಳು.

"ಅಮ್ಮಾ, ಏನು ಮಾಡ್ತಿದೀಯ?"

"ಧೂಪ ಹಾಕಿದ ತಕ್ಷಣ ಗಂಟೆ ಹೊಡೆಯೋ ವ್ಯವಸ್ಥೆ ಮಾಡಿಸಿದ್ದೀರಲ್ಲೇ! ನಮ್ಮ ಬೀದಿ ದೇವಸ್ಥಾನದಲ್ಲೂ ಇಲ್ಲ ಇದು."

ನರ್ಸಮ್ಮನ ಬಾಣಂತನ

ಇಲ್ಲಿ ಎಳೆಮಕ್ಕಳ ತೂಕ ನೋಡೋಕೆ ನರ್ಸ್ ಮನೆಗೇ ಬರ್ತಾರೆ. ಇಲ್ಲಿ ಡಿಸೆಂಬರಿನಲ್ಲೇ ಬೇಸಿಗೆ. ಆಗ ನಮ್ಮನೆಗೆ ಬಂದ ನರ್ಸಮ್ಮ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಬಿಟ್ಟುಕೊಂಡು, ತೋಳಿಲ್ಲದ ಅಂಗಿ ಹಾಕಿಕೊಂಡು ಬಂದಿದ್ದರು. ನಾನೋ, ಆ ಸುಡುಬೇಸಿಗೆಯಲ್ಲಿ ಸ್ವೆಟರು, ಕಾಲುಚೀಲ, ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ.

ಮಾತಿನ ನಡುವೆ ಅವರು "ನನಗೂ ಮನೆಯಲ್ಲಿ ಐದು ತಿಂಗಳ ಪಾಪು ಇದೆ" ಅಂದರು. ನಾನು ಸುಮ್ಮನಿರಬೇಕಿತ್ತು. ಅದನ್ನ ಕನ್ನಡದಲ್ಲಿ ಅಮ್ಮನಿಗೆ ಹೇಳಿಬಿಟ್ಟೆ.

"ಅಯ್ಯೋ ಹಸೀ ಬಾಣಂತಿ!" ಅಂತ ಅಮ್ಮ ಎದ್ದೇಬಿಟ್ಟಳು. ಅಮ್ಮನಿಗೆ ಇಂಗ್ಲಿಷ್ ಬರೋಲ್ಲ ಅಂತಲ್ಲ. ಎದುರಿಗಿರೋರಿಗೆ ಕನ್ನಡ ಬರೋಲ್ಲ ಅನ್ನೋದನ್ನ ಅವಳು ನಂಬೋದಿಲ್ಲ. "ಹಿಂಗೆಲ್ಲಾ ಗಾಳಿಗೆ ತಿರುಗಬಾರದು ಕಣಮ್ಮಾ, ಮುಂದೆ ತಲೆನೋವು ಬಂದರೆ ಯಾರು ನೋಡ್ತಾರೆ?" ಅಂತ ಗದರಿಸಿ, ಅವರ ತಲೆಗೊಂದು ಟವೆಲ್ ಸುತ್ತಿ, ಕೈಗೊಂದು ಲೋಟ ಬೆಳ್ಳುಳ್ಳಿ-ಮೆಣಸಿನ ಸಾರು ಕೊಟ್ಟಳು. ಆಯಮ್ಮ ಒಂದು ಗುಟುಕು ಕುಡಿದರು, ಕೆಮ್ಮಿದರು, ಕಣ್ಣಲ್ಲಿ ನೀರು ಬಂತು. ಆಮೇಲೆ ಲೋಟ ಪೂರ್ತಿ ಖಾಲಿ ಮಾಡಿದರು!

ಕೊನೆಗೆ ಪುಸ್ತಕ ತೆಗೆದು, "ಮಗುವಿಗೆ ಸ್ನಾನ ಯಾರು ಮಾಡಿಸ್ತಾರೆ?" ಅಂತ ಕೇಳಿದರು.

"ಅಮ್ಮ."

"ಅಮ್ಮ ಊರಿಗೆ ಹೋದ ಮೇಲೆ?"

"ಈ ಸಲ ಬೇಸಿಗೆ ಜೋರಲ್ವಾ?" ಅಂದೆ ನಾನು.

ಅವರು ಏನೋ ಬರೆದುಕೊಂಡರು. "ರಜಾ ಮುಗಿಸಿ ಬರ್ತೀನಿ, ಆಗ ನೋಡೋಣ" ಅಂದರು. ರಜಾ ಮುಗಿಯೋಕೆ ಎಷ್ಟು ದಿನ ಅಂತ ಆಗಲೇ ಎಣಿಸತೊಡಗಿದೆ. ಆದರೆ ಅವರು ಕಾರು ಹತ್ತೋದನ್ನ ನೋಡಿ ನಗು ತಡೆಯೋಕಾಗಲಿಲ್ಲ. ತಲೆಗೆ ನನ್ನ ಮಂಕಿ ಟೋಪಿ, ಎರಡೂ ಕಿವಿಗೆ ಹತ್ತಿ. ಅಮ್ಮ ಬಾಗಿಲವರೆಗೂ ಹೋಗಿ ಹಾಕಿ ಕಳಿಸಿದ್ದಳು.

ದೃಷ್ಟಿಬೊಟ್ಟು

ಮೊದಲನೇ ಕ್ರಿಸ್‌ಮಸ್ಸು, ಸಾಂಟಾ ತಾತನ ತೊಡೆ ಮೇಲೆ ಕೂರಿಸಿ ಫೋಟೋ ತೆಗೆಸಲೇಬೇಕು ಅಂತ ನನ್ನ ಗಂಡನ ಹಟ. ನ್ಯೂ ಲಿನ್‌ನ ಮಾಲ್‌ಗೆ ಹೋದೆವು. ಅಲ್ಲಿ ಮುಕ್ಕಾಲು ಗಂಟೆಯ ಕ್ಯೂ.

"ಇಷ್ಟು ಜನರ ಕಣ್ಣು ಬೀಳುತ್ತೆ ಮಗೂ ಮೇಲೆ" ಅಂತ ಅಮ್ಮ ಸೊಂಟದಿಂದ ಕಾಡಿಗೆ ಡಬ್ಬಿ ತೆಗೆದು, ಕೆನ್ನೆಗೆ ದೊಡ್ಡದೊಂದು ಬೊಟ್ಟಿಟ್ಟಳು. ನಮ್ಮ ಸರದಿ ಬಂತು. ಫೋಟೋ ತೆಗೆಯೋಳ ಜೊತೆ ಹಸಿರು ಟೋಪಿಯ ಹುಡುಗಿಯೊಬ್ಬಳಿದ್ದಳು. ಮಗುವಿನ ಕೆನ್ನೆ ನೋಡಿ "ಅಯ್ಯೋ, ಏನೋ ಮೆತ್ತಿಕೊಂಡಿದೆ" ಅಂತ ಒದ್ದೆ ಟಿಶ್ಯೂನಲ್ಲಿ ಒರೆಸಿಬಿಟ್ಟಳು.

ಅಮ್ಮ ಹೋಗಿ ಮತ್ತೆ ಇಟ್ಟಳು. ಹುಡುಗಿ ಮತ್ತೆ ಒರೆಸಿದಳು. ಅಮ್ಮ ನನ್ನ ಮುಖ ನೋಡಿದಳು. ಹುಡುಗಿಯೂ ನನ್ನ ಮುಖ ನೋಡಿದಳು. ನಾನು ಚಾವಣಿ ನೋಡಿದೆ. ಇಬ್ಬರಿಗೂ ಬಿಡಿಸಿ ಹೇಳೋಷ್ಟು ಶಕ್ತಿ ಬಾಣಂತಿಗೆ ಎಲ್ಲಿಂದ ಬರಬೇಕು?

ಕ್ಯಾಮೆರಾದವಳು "ರೆಡಿ, ಒನ್, ಟೂ..." ಅಂದಳು. ಅಮ್ಮ ಬಿಡ್ತಾಳಾ? ಬೆರಳಿಗೆ ಕಾಡಿಗೆ ಮೆತ್ತಿಕೊಂಡು ಕೊನೇ ಗಳಿಗೆಯಲ್ಲಿ ನುಗ್ಗಿದಳು. ಮಗು ಅಷ್ಟರಲ್ಲಿ ಆ ಕಡೆ ತಲೆ ತಿರುಗಿಸಿತು.

ಆ ಫೋಟೋ ಈಗಲೂ ನಮ್ಮ ಗೋಡೆ ಮೇಲಿದೆ. ಮಗುವಿನ ಕೆನ್ನೆ ಫಳಫಳ. ಸಾಂಟಾ ತಾತನ ಬಿಳೀ ಗಡ್ಡದ ಮೇಲೆ ದೃಷ್ಟಿಬೊಟ್ಟು. ಅಮ್ಮ ಅದನ್ನ ನೋಡಿ, "ಹೋಗ್ಲಿ ಬಿಡೇ, ಎಲ್ಲರೂ ಅವನನ್ನೇ ತಾನೇ ನೋಡ್ತಿದ್ದಿದ್ದು" ಅಂದಳು.

ಆಚೆಮನೆಯ ತಟ್ಟೆ

ಆಚೆಮನೆಯಲ್ಲಿ ಇದೇ ಊರಿನ ವಯಸ್ಸಾದ ದಂಪತಿ ಇದ್ದರು. ಕ್ರಿಸ್‌ಮಸ್ಸಿಗೆ ಎರಡು ವಾರ ಇದ್ದಾಗ ಆ ಅಜ್ಜಿ ನೀಲಿ ಅಂಚಿನ ತಟ್ಟೆಯಲ್ಲಿ ಫ್ರೂಟ್ ಕೇಕ್ ತಂದುಕೊಟ್ಟರು. ಮೊಟ್ಟೆ ಹಾಕಿರ್ತಾರೆ ಅಂತ ಅಮ್ಮ ಮುಟ್ಟಲಿಲ್ಲ. ಅಳಿಯಂದಿರು ಮುಟ್ಟಿ ಮುಗಿಸಿದರು.

"ಖಾಲಿ ತಟ್ಟೆ ವಾಪಸ್ ಕೊಡಬಾರದು" ಅಂತ ಅಮ್ಮ ಅದರ ತುಂಬ ರವೆ ಉಂಡೆ ಇಟ್ಟು ಕಳಿಸಿದಳು. ಅಜ್ಜಿಗೆ ಸಂಕೋಚ. ಮೂರನೇ ದಿನ ಅದೇ ತಟ್ಟೆಯಲ್ಲಿ ಬಿಸ್ಕತ್ತು ಬಂತು. ಅಮ್ಮ ಕೋಡುಬಳೆ ಕಳಿಸಿದಳು. ಅವರ ಹಿತ್ತಲ ಪ್ಲಮ್ ಹಣ್ಣು ಬಂತು. ಇಲ್ಲಿಂದ ಚಿತ್ರಾನ್ನ ಹೋಯಿತು. ಅಲ್ಲಿಂದ ಜಾಮ್ ಟಾರ್ಟ್ ಬಂತು. ಇಲ್ಲಿಂದ ಮೈಸೂರು ಪಾಕು. ನಮ್ಮ ಬೇಲಿ ಮೇಲೆ ಆ ತಟ್ಟೆ ಓಡಾಡಿದಷ್ಟು ನಮ್ಮ ಬೀದಿಯಲ್ಲಿ ಬಸ್ಸೂ ಓಡಾಡುತ್ತಿರಲಿಲ್ಲ. ನನ್ನ ಗಂಡನ ಪ್ಯಾಂಟು ಬಿಗಿಯಾಯಿತು.

ಕ್ರಿಸ್‌ಮಸ್ ಕಳೆದ ಮಾರನೇ ದಿನ ಅಜ್ಜಿ ಸುಸ್ತಾಗಿ ಬಾಗಿಲಿಗೆ ಬಂದರು. ಕೈಯಲ್ಲಿ ತೊಳೆದ ಖಾಲಿ ತಟ್ಟೆ. "ನಾವು ಹತ್ತು ದಿನ ಸಮುದ್ರದ ಕಡೆ ಹೋಗ್ತಿದ್ದೀವಿ. ದಯವಿಟ್ಟು ಈ ತಟ್ಟೆ ನೀವೇ ಇಟ್ಕೊಳ್ಳಿ" ಅಂತ ಅದನ್ನ ನನ್ನ ಕೈಗಿಟ್ಟು ಹೊರಟೇಬಿಟ್ಟರು.

ಅಮ್ಮನ ಕಣ್ಣು ತುಂಬಿ ಬಂತು. "ಎಂಥಾ ಒಳ್ಳೇ ಜನ! ತಟ್ಟೆಯನ್ನೇ ಕೊಟ್ಟುಬಿಟ್ಟರಲ್ಲೇ. ಇದಕ್ಕೆ ಬದಲಾಗಿ ಈಗ ಏನು ಕೊಡೋಣ?"

ಐದು ಕೇಜಿ, ಗುಡ್ ಬೇಬಿ

ಜನವರಿ ಬಂತು. ನಾಳೆ ಬೆಳಿಗ್ಗೆ ಅಮ್ಮನ ವಿಮಾನ ಅನ್ನೋವರೆಗೂ ನನ್ನ ಸೊಂಟನೋವು ವಾಸಿಯಾಗಲಿಲ್ಲ.

ಹೊರಡೋ ಹಿಂದಿನ ದಿನ ಬೆಳಿಗ್ಗೆ ಅಮ್ಮ ಅಳಿಯನನ್ನ ತರಕಾರಿ ಅಂಗಡಿಗೆ ಕಳಿಸಿ, ಬೂದು ಬಣ್ಣದ ಸಿಪ್ಪೆಯ ಇಲ್ಲಿಯ ಸಿಹಿಗುಂಬಳಕಾಯಿ ಒಂದನ್ನ ತರಿಸಿದಳು. ತೂಕ ಮಾಡಿಸಿಯೇ ತರಿಸಿದ್ದು. "ಮಗುವೂ ಐದು ಕೇಜಿ, ಇದೂ ಐದು ಕೇಜಿ. ಇಳಿ ಟಬ್ಬಿಗೆ!" ಅಂದಳು. ಆ ದನಿ ಕೇಳಿದ ಮೇಲೆ ಸೊಂಟ ಯಾವ ಲೆಕ್ಕ? ಇಳಿದೆ. ಕಾಲು ನೀಡಿ ಕೂತೆ. ಮಗು ಕೋಣೆಯಲ್ಲಿ ಹಾಯಾಗಿ ಮಲಗಿತ್ತು. ನನ್ನ ಕಾಲ ಮೇಲೆ ಕುಂಬಳಕಾಯಿ ಮಲಗಿತು.

"ಎಣ್ಣೆ ಹಚ್ಚು. ಮೆತ್ತಗೆ! ಅದೇನು ದೋಸೆ ಕಾವಲೀನಾ? ಕತ್ತಿನ ಕೆಳಗೆ ಕೈ ಕೊಡು."

"ಕತ್ತೆಲ್ಲಿದೆ ಅಮ್ಮಾ ಇದಕ್ಕೆ?"

"ತೊಟ್ಟಿನ ಹತ್ತಿರ! ಅಯ್ಯಯ್ಯೋ, ಕಣ್ಣಿಗೆ ನೀರು ಹೋಯ್ತು, ಕಣ್ಣಿಗೆ!"

ಎರಡು ಸಲ ಕೈಯಿಂದ ಜಾರಿತು. ಅಮ್ಮ ಎರಡು ಸಲ "ರಾಮ ರಾಮಾ" ಅಂತ ಎದೆ ಹಿಡಿದುಕೊಂಡಳು. ಮೂರನೇ ಸಲ ಜಾರಲಿಲ್ಲ. ಅಮ್ಮ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡೋಳಲ್ಲ. ಒರೆಸಿಸಿದಳು, ಪೌಡರ್ ಹಾಕಿಸಿದಳು, ದೃಷ್ಟಿಬೊಟ್ಟು ಇಡಿಸಿದಳು. ಬಿಳೀ ಬಟ್ಟೆಯಲ್ಲಿ ಸುತ್ತಿಸಿ, ನನ್ನ ಕೈಗೆ ಕೊಟ್ಟು, ಸಾಂಬ್ರಾಣಿನೂ ಹಾಕಿದಳು. ಅಲಾರಂ ಬಡಿದುಕೊಳ್ತು. ನನ್ನ ಗಂಡ ಅಭ್ಯಾಸಬಲದಿಂದ ಕುರ್ಚಿ ಹತ್ತಿ ಟವೆಲ್ ಬೀಸತೊಡಗಿದ.

ಆ ಗಲಾಟೆಯಲ್ಲಿ ಬಾಗಿಲು ತಟ್ಟಿದ್ದು ಯಾರಿಗೆ ಕೇಳುತ್ತೆ? ನರ್ಸಮ್ಮ ಗಾಬರಿಯಿಂದ ಒಳಗೇ ಬಂದುಬಿಟ್ಟರು. ಹೊಗೆಯ ನಡುವೆ ಬಟ್ಟೆ ಸುತ್ತಿದ್ದನ್ನ ಕೈಯಲ್ಲಿ ಹಿಡಿದು ತೂಗುತ್ತಿದ್ದ ನನ್ನನ್ನ ನೋಡಿ ಅವರಿಗೆ ಜೀವ ಬಂದ ಹಾಗಾಯಿತು. "ಓ, ಪುಟ್ಟಿ ಎಷ್ಟು ದೊಡ್ಡೋಳಾಗಿದ್ದಾಳೆ!" ಅಂತ ಹತ್ತಿರ ಬಂದು, ಬಟ್ಟೆ ಸರಿಸಿದರು.

ಸರಿಯಾಗಿ ಆಗಲೇ ಅಲಾರಂ ನಿಂತಿತು.

ನರ್ಸಮ್ಮ ಕುಂಬಳಕಾಯಿ ನೋಡಿದರು. ಅದರ ದೃಷ್ಟಿಬೊಟ್ಟು ನೋಡಿದರು. ನನ್ನ ಮುಖ ನೋಡಿದರು. ಚೀಲ ಕೆಳಗಿಟ್ಟು, ನನ್ನನ್ನ ಸೋಫಾ ಮೇಲೆ ಕೂರಿಸಿ, ಕೈ ಹಿಡಿದುಕೊಂಡು, ತುಂಬಾ ಮೃದುವಾಗಿ ಕೇಳಿದರು: "ರಾತ್ರಿ ನಿದ್ದೆ ಬರ್ತಿದೆಯಾ, ಕಂದಾ?"

"ಇದು ಪ್ರಾಕ್ಟೀಸು" ಅಂದೆ.

"ಖಂಡಿತ, ಖಂಡಿತ" ಅಂದರು ಅವರು.

ಅಮ್ಮನಿಗೆ ಏನೋ ಎಡವಟ್ಟಾಗಿದೆ ಅಂತ ಹೊಳೆಯಿತು. ಜನ್ಮದಲ್ಲಿ ಮೊದಲ ಸಲ ಇಂಗ್ಲಿಷಿನಲ್ಲಿ ನನ್ನ ಸಹಾಯಕ್ಕೆ ಬಂದಳು. ಕುಂಬಳಕಾಯಿಯ ಮೇಲೆ ತಟ್ಟಿ, "ಫೈವ್ ಕೇಜಿ! ಗುಡ್ ಬೇಬಿ!" ಅಂದಳು.

ನರ್ಸಮ್ಮ ನನ್ನ ಕೈಯನ್ನ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು. "ಇನ್ನೊಂದು ಮಗು... ಎಲ್ಲಿದೆ?" ಅಂತ ಮೆಲ್ಲಗೆ ಕೇಳಿದರು. ಅಷ್ಟರಲ್ಲಿ ಕೋಣೆಯಿಂದ ನಮ್ಮ ಪುಣ್ಯಾತ್ಗಿತ್ತಿ ಎದ್ದು ಕಿರುಚಿದಳು. ಆ ಅಳು ಕೇಳಿ ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಎಲ್ಲಾ ಬಿಡಿಸಿ ಹೇಳಿದ ಮೇಲೆ ನರ್ಸಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, "ಸರಿ ಹಾಗಾದರೆ, ನಿಜವಾದ್ದಕ್ಕೆ ಸ್ನಾನ ಮಾಡಿಸಿ ತೋರಿಸು" ಅಂದರು. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಎರಡೂ ಕೈಗಳನ್ನ ಸೆರಗಿನಲ್ಲಿ ಸುತ್ತಿಕೊಂಡು ನಿಂತುಬಿಟ್ಟಿದ್ದಳು.

ಇಳಿದೆ. ಎಣ್ಣೆ ಹಚ್ಚಿದೆ, ಕತ್ತಿನ ಕೆಳಗೆ ಕೈ ಕೊಟ್ಟೆ. ಇದಕ್ಕೆ ಕತ್ತು ಇತ್ತು, ಪುಣ್ಯ. ಬಿಸಿನೀರು ಮೈಮೇಲೆ ಬಿದ್ದ ತಕ್ಷಣ ಮಗಳು ಅಳು ನಿಲ್ಲಿಸಿ, ನನ್ನನ್ನೇ ನೋಡುತ್ತಾ ಆಕಳಿಸಿದಳು. ಜಾರಲಿಲ್ಲ. ಒಂದು ಸಲವೂ ಜಾರಲಿಲ್ಲ!

ನರ್ಸಮ್ಮ ಚಪ್ಪಾಳೆ ತಟ್ಟಿದರು. ಅಮ್ಮ "ಕಿವಿ ಹಿಂದೆ ಸರಿಯಾಗಿ ಒರೆಸು" ಅಂದಳು. ನನ್ನಮ್ಮನ ಬಾಯಲ್ಲಿ ಅದು ಫಸ್ಟ್ ಕ್ಲಾಸ್ ಅಂತ ಅರ್ಥ.

ಮಧ್ಯಾಹ್ನ ಊಟಕ್ಕೆ ಕೂತೆವು. ಅಮ್ಮ ಕೊನೇ ಅಡುಗೆ ಅಂತ ಹುಳಿ ಮಾಡಿದ್ದಳು. "ಎರಡು ತಿಂಗಳು ಕಳೀತಲ್ಲ, ನೀನೂ ಒಂದು ತುತ್ತು ತಿನ್ನಬಹುದು" ಅಂತ ನನ್ನ ತಟ್ಟೆಗೂ ಬಡಿಸಿದಳು. ಕಲಸಿದೆ. ಹಳದಿ ಹೋಳು. ಕುಂಬಳಕಾಯಿ ಹುಳಿ.

ತುತ್ತು ಬಾಯಿಗೆ ಹೋಗಲಿಲ್ಲ. ನಾಳೆ ಈ ಹೊತ್ತಿಗೆ ಅಮ್ಮ ಇರಲ್ಲ, ಗದರಿಸೋರು ಯಾರೂ ಇರಲ್ಲ ಅಂತ ಅನ್ನಿಸಿದ್ದೇ, ತಟ್ಟೆ ಮುಂದೆ ಕೂತು ಗೊಳೋ ಅಂತ ಅತ್ತುಬಿಟ್ಟೆ. ಅಮ್ಮನೂ ಸೆರಗು ಕಣ್ಣಿಗೊತ್ತಿಕೊಂಡಳು.

ಮೂರನೇ ಸಲ ಹುಳಿ ಬಡಿಸಿಕೊಳ್ಳುತ್ತಿದ್ದ ನನ್ನ ಗಂಡ ಬೆಚ್ಚಿಬಿದ್ದ. ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಸೌಟಿನಲ್ಲಿದ್ದ ಹೋಳು ನೋಡಿದ, ಸೌಟನ್ನ ಮೆಲ್ಲಗೆ ವಾಪಸ್ ಪಾತ್ರೆಯೊಳಗಿಟ್ಟ.

"ಅಳಬೇಡ ಕಣೇ," ಅಂದ, "ನೀನು ಅದನ್ನ ಅಷ್ಟೊಂದು ಹಚ್ಚಿಕೊಂಡುಬಿಟ್ಟಿದ್ದೀಯ ಅಂತ ನನಗೆ ಗೊತ್ತಿರಲಿಲ್ಲ. ಸಂಜೆ ಇನ್ನೊಂದು ತರ್ತೀನಿ, ಅದನ್ನ ಯಾರೂ ಹೆಚ್ಚಲ್ಲ."