ಮರಗಟ್ಟಿದ ನಾಲಿಗೆಗೆ ನಾನೇ ದುಭಾಷಿ

ಗಂಡನ ಬಾಯಿ ಮುಚ್ಚಿಸುವ ಹಕ್ಕು ಎಲ್ಲ ಹೆಂಡತಿಯರಿಗೂ ಇರುತ್ತದೆ. ನನ್ನ ಹೆಂಡತಿಗೆ ಮಾತ್ರ ಊರಿನವರೆಲ್ಲರ ಬಾಯಿ ತೆರೆಸುವ ಹಕ್ಕೂ ಇದೆ. ಅವಳು ಹಲ್ಲಿನ ಡಾಕ್ಟರು. ನಾನು ಅವಳ ಕ್ಲಿನಿಕ್ಕಿನ ಮುಂದಿನ ಕೋಣೆಯ ಸರ್ವಾಧಿಕಾರಿ. ಅಂದರೆ ಫೋನು ಎತ್ತುವುದು, ಹೆಸರು ಕೂಗುವುದು, ಅಳುವ ಮಕ್ಕಳಿಗೆ ಬಲೂನು ಊದಿಕೊಡುವುದು, ನಡುನಡುವೆ ಒಳಗೆ ಹೋಗಿ ಬೈಸಿಕೊಂಡು ಬರುವುದು. (ಕೊನೆಯದಕ್ಕೆ ಅಪಾಯಿಂಟ್‌ಮೆಂಟ್ ಬೇಕಿಲ್ಲ.)

ಈ ಹುದ್ದೆಯಲ್ಲಿ ನಾನು ಸಂಪಾದಿಸಿಕೊಂಡ ವಿದ್ಯೆ ಒಂದೇ. ಇಂಜೆಕ್ಷನ್ ಚುಚ್ಚಿಸಿಕೊಂಡು, ದವಡೆಯಲ್ಲಿ ಹತ್ತಿ ಕಚ್ಚಿಕೊಂಡು ಹೊರಗೆ ಬರುವವರ ಭಾಷೆ ನನಗೆ ಅರ್ಥವಾಗುತ್ತದೆ. 'ಊಅ ಆಆಅ?' ಎಂದರೆ 'ಊಟ ಯಾವಾಗ?' 'ಅಅಇ ಎಇ?' ಎಂದರೆ 'ಚಪ್ಪಲಿ ಎಲ್ಲಿ?' ಹಲ್ಲು ಕೀಳಿಸಿಕೊಂಡವರಿಗೆ ಅವತ್ತಿನ ಮಟ್ಟಿಗೆ ಎರಡು ಬಗೆಯ ವ್ಯಂಜನಗಳೂ ವರ್ಜ್ಯ, ತಟ್ಟೆಯಲ್ಲೂ ನಾಲಿಗೆಯಲ್ಲೂ. ಉಳಿಯುವುದು ಸ್ವರ ಮಾತ್ರ. ಆ ಸ್ವರಗಳನ್ನು ಹಿಡಿದು ಪೂರ್ತಿ ವಾಕ್ಯ ಕಟ್ಟುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ನನಗಿತ್ತು. ಇತ್ತು ಎಂದೆ, ಗಮನಿಸಿ.

ಅವತ್ತು ಮಧ್ಯಾಹ್ನ ಇಬ್ಬರು ಒಳಗೆ ಬಂದರು. ಒಬ್ಬರು ಗಡಿಬಿಡಿಯ ಮನುಷ್ಯ, ಎದೆಯ ಮೇಲೆ 'ಕಾರ್ಯದರ್ಶಿ' ಎಂಬ ಬಿಲ್ಲೆ. ಇನ್ನೊಬ್ಬರ ಕೆನ್ನೆ ಒಂದು ಕಡೆ ಊದಿ ತೆಂಗಿನಕಾಯಿಯಷ್ಟಾಗಿತ್ತು. ನಾನು ಮಾಮೂಲಿನಂತೆ "ಹೆಸರು?" ಎಂದು ಕೇಳಿ ತಲೆಯೆತ್ತಿದವನು ಹಾಗೇ ಕಲ್ಲಾದೆ. ಊದದೇ ಉಳಿದಿದ್ದ ಅರ್ಧ ಮುಖ ಸಾಕಾಗಿತ್ತು. ಹನ್ನೊಂದನೇ ವಯಸ್ಸಿನಿಂದ ಪುಸ್ತಕಗಳ ಹಿಂಬದಿಯಲ್ಲಿ ನಾನು ನೋಡುತ್ತ ಬಂದ ಮುಖ ಅದು! ನನ್ನನ್ನು ಮಂಗಳ ಗ್ರಹದಲ್ಲಿ ಅಲೆಸಿದವರು, ಕೃಷ್ಣರಂಧ್ರದೊಳಗೆ ಇಳಿಸಿ ಮತ್ತೆ ಊಟದ ಹೊತ್ತಿಗೆ ಮನೆಗೆ ತಲುಪಿಸಿದವರು, ವಿಜ್ಞಾನ ಕಾದಂಬರಿಗಳ ಚಕ್ರವರ್ತಿ!

"ಸಾರ್! ನೀವಾ! ನಿಮ್ಮ ಎಲ್ಲಾ ಪುಸ್ತಕ ಓದಿದೀನಿ ಸಾರ್. ಆ ಮೂರು ತಲೆಯ ರಾಣಿ ಕೊನೆಗೆ ಯಾವ ತಲೆಯ ಮಾತು ಕೇಳಿದಳು ಅಂತ ಇಪ್ಪತ್ತು ವರ್ಷದಿಂದ ಯೋಚನೆ ಮಾಡ್ತಾ ಇದೀನಿ..."

ಚಕ್ರವರ್ತಿಗಳು ಕೆನ್ನೆ ಹಿಡಿದುಕೊಂಡು "ಅಯ್ಯೋ" ಎಂದರು. ಒಳಗಿನಿಂದ ನನ್ನವಳ ದನಿ ಬಂತು.

"ರೀ, ಅವರು ಹಲ್ಲು ತೋರಿಸೋಕೆ ಬಂದಿದಾರೆ. ನೀವು ಹಲ್ಲು ಕಿರಿದಿದ್ದು ಸಾಕು, ಒಳಗೆ ಕಳಿಸಿ."

ಸಂಜೆ ಪುರಭವನದಲ್ಲಿ ಕಾದಂಬರಿಕಾರರ ಜೊತೆ ಓದುಗರ ಮಾತುಕತೆ ಇತ್ತಂತೆ. ಟಿಕೆಟ್ಟೆಲ್ಲ ಖಾಲಿ. ದಾರಿಯಲ್ಲೇ ಹಲ್ಲು ಬಂಡಾಯ ಎದ್ದಿದೆ. ನನ್ನವಳು ಇಣುಕಿ ನೋಡಿ, ಕೀಳದೆ ದಾರಿಯಿಲ್ಲ ಎಂದು ತೀರ್ಪು ಕೊಟ್ಟಳು. ಕಿತ್ತದ್ದೂ ಆಯಿತು. ಹತ್ತಿ ಕಚ್ಚಿಕೊಂಡು ಹೊರಬಂದ ಕಾದಂಬರಿಕಾರರ ಮುಖದಲ್ಲಿ ನೋವು ಮಾಯವಾಗಿತ್ತು. ಜೊತೆಗೆ ಮಾತೂ ಮಾಯವಾಗಿತ್ತು.

ಕಾರ್ಯದರ್ಶಿಗಳು ತಲೆಯ ಮೇಲೆ ಕೈ ಹೊತ್ತರು. "ಏನು ಮೇಡಂ ಇದು! ಬರೋವಾಗ ನೋವಿದ್ರೂ ಮಾತಾಡ್ತಿದ್ರು. ಈಗ ಜನಕ್ಕೆ ಏನು ಹೇಳ್ಲಿ? ನಿಮ್ಮ ಕ್ಲಿನಿಕ್ಕಲ್ಲಿ ಹೀಗಾಯ್ತು ಅಂತ ಹೇಳ್ಲಾ?"

ನನ್ನವಳ ಮುಖ ಕಪ್ಪಿಟ್ಟಿತು. ಅಷ್ಟು ದೊಡ್ಡ ಸಭೆಯಲ್ಲಿ 'ಆ ಡಾಕ್ಟರು ಇವರ ಬಾಯಿ ಬೀಳಿಸಿದರು' ಎಂದು ಸುದ್ದಿಯಾದರೆ ನಾಳೆಯಿಂದ ನಮ್ಮ ಬಾಗಿಲಿಗೆ ಹಾಲುಹಲ್ಲಿನ ಮಕ್ಕಳೂ ಬರುವುದಿಲ್ಲ. (ಬರೆದು ತೋರಿಸಬಹುದಿತ್ತಲ್ಲ ಎನ್ನುತ್ತೀರಾ? ಕಾದಂಬರಿಕಾರರು ಒಂದು ಸಾಲು ಬರೆದೇ ತೋರಿಸಿದರು. ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಮನೆಗೆ ಹೋದಂತಿತ್ತು.)

ಆಗಲೇ ಅವರು ನನ್ನತ್ತ ನೋಡಿ "ಅಅಇ ಎಇ?" ಎಂದರು.

"ಚಪ್ಪಲಿ ಬಾಗಿಲ ಹಿಂದಿದೆ ಸಾರ್" ಎಂದೆ.

ಕಾರ್ಯದರ್ಶಿಗಳ ಬಾಯಿ ಇಂಜೆಕ್ಷನ್ ಇಲ್ಲದೆಯೇ ತೆರೆದುಕೊಂಡಿತು. "ನಿಮಗೆ ಅರ್ಥ ಆಗುತ್ತಾ?"

"ಇದು ನನ್ನ ದಿನನಿತ್ಯದ ಭಾಷೆ" ಎಂದೆ, ಆದಷ್ಟು ವಿನಯದಿಂದ.

ಹೀಗೆ ನಾನು ಪುರಭವನದ ವೇದಿಕೆ ಏರಿದೆ. ಹೊರಡುವಾಗ ನನ್ನವಳು ನನ್ನ ಕಾಲರು ಸರಿಪಡಿಸುತ್ತ, "ರೀ, ಅವರು ಹೇಳಿದಷ್ಟೇ ಹೇಳಿ. ಒಂದು ಮಾತು ಹೆಚ್ಚು ಬೇಡ, ಒಂದು ಮಾತು ಕಡಿಮೆ ಬೇಡ" ಎಂದಳು. ಕಡಿಮೆಯಂತೂ ಮಾಡಲಿಲ್ಲ, ಅಷ್ಟು ಮಾತು ಉಳಿಸಿಕೊಂಡೆ.

ಮೊದಲು ಎದ್ದವಳು ಶಾಲೆಯ ಹುಡುಗಿ. "ಬೇರೆ ಗ್ರಹದಲ್ಲಿ ಜೀವಿಗಳು ಇದಾರಾ ಸಾರ್?"

"ಇಅಅಉಉ" ಎಂದರು ಕಾದಂಬರಿಕಾರರು.

"ಇರಬಹುದು" ಎಂದೆ ನಾನು. ಸಭೆ ಇನ್ನೂ ಕಾಯುತ್ತಿತ್ತು. ಇಷ್ಟು ದುಡ್ಡು ಕೊಟ್ಟು ಬಂದವರಿಗೆ ಒಂದೇ ಪದವೇ? ನನ್ನ ಕರುಳು ಚುರುಕ್ ಎಂದಿತು. "ಇಷ್ಟು ದೊಡ್ಡ ಬ್ರಹ್ಮಾಂಡದಲ್ಲಿ ನಾವೊಬ್ಬರೇ ಇದ್ದೇವೆ ಅಂದುಕೊಳ್ಳುವುದು, ಎಂಟು ಅಂತಸ್ತಿನ ಕಟ್ಟಡದ ಲಿಫ್ಟು ನಮ್ಮೊಬ್ಬರಿಗೇ ಅಂದುಕೊಂಡ ಹಾಗೆ!" ಎಂದು ಸೇರಿಸಿದೆ.

ಸಭೆ ಘೊಳ್ಳೆಂದು ನಕ್ಕಿತು. ಕಾದಂಬರಿಕಾರರು ತಿರುಗಿ ನನ್ನನ್ನೇ ನೋಡಿದರು. ಮೆಚ್ಚುಗೆ ಎಂದುಕೊಂಡೆ.

"ನಿಮಗೆ ಕಥೆ ಹೇಗೆ ಹೊಳೆಯುತ್ತೆ?" ಎಂದು ಇನ್ನೊಬ್ಬರು ಕೇಳಿದರು.

"ಒಇಅ" ಎಂದು ಅವರು ಭುಜ ಹಾರಿಸಿದರು. 'ಗೊತ್ತಿಲ್ಲ' ಎಂದು ಸ್ಪಷ್ಟವಾಗಿಯೇ ಕೇಳಿಸಿತು. ಆದರೆ ಚಕ್ರವರ್ತಿಯ ಬಾಯಲ್ಲಿ ಅಂಥ ಮಾತು ಶೋಭಿಸುತ್ತದೆಯೇ?

"ನಕ್ಷತ್ರಗಳು ನನ್ನ ಕಿಟಕಿಗೆ ಬಂದು ಪಿಸುಗುಟ್ಟುತ್ತವೆ. ನಾನು ಬರೀ ಬರೆದುಕೊಳ್ಳುವ ಗುಮಾಸ್ತ" ಎಂದೆ.

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನವಳು ಮಾತ್ರ ತಟ್ಟಲಿಲ್ಲ. ಹಲ್ಲು ಮಸೆಯುತ್ತಿದ್ದಳು. (ರೋಗಿಗಳಿಗೆ ಮಾತ್ರ ಅದು ದವಡೆಗೆ ಕೆಟ್ಟದ್ದು ಎಂದು ಹೇಳುತ್ತಾಳೆ.)

ಅಷ್ಟರಲ್ಲಿ ಕಾದಂಬರಿಕಾರರು ಯಾರೂ ಪ್ರಶ್ನೆ ಕೇಳದಿದ್ದರೂ ತಾವಾಗಿಯೇ ಬಾಯಿ ತೆರೆದರು.

"ಓಅ ಈಉ."

ನಾನು ಕಣ್ಣು ಮುಚ್ಚಿ ಸ್ವರಗಳನ್ನು ಚಪ್ಪರಿಸಿದೆ. ಓಅ... ಈಉ... ಲೋಕ... ಮೀರು! ಮೈ ಜುಮ್ಮೆಂದಿತು.

"ಲೋಕ ಮೀರು!" ಎಂದು ಗುಡುಗಿದೆ. "ಓ ಮಾನವ, ಈ ಪುಟ್ಟ ಲೋಕವನ್ನು ಮೀರಿ ನಡೆ ಎನ್ನುತ್ತಿದ್ದಾರೆ!"

ಸಭೆ ರೋಮಾಂಚನಗೊಂಡಿತು. ಕಾದಂಬರಿಕಾರರು ಜೋರಾಗಿ ತಲೆ ಅಲ್ಲಾಡಿಸಿದರು. ಇನ್ನೂ ಜೋರಾಗಿ "ಓಅ ಈಉ!" ಎಂದರು. ಕೈ ಚಾಚಿ ಮೇಜಿನ ಆಚೆ ತುದಿಯತ್ತ ತೋರಿಸಿದರು. ಅಲ್ಲಿ ಹೂದಾನಿ, ಅದರಾಚೆ ಕಿಟಕಿ, ಕಿಟಕಿಯಾಚೆ ಆಕಾಶ!

"ಅಗೋ, ಆ ಅನಂತದ ಕಡೆಗೆ ಬೆರಳು ಮಾಡುತ್ತಿದ್ದಾರೆ! ಲೋಕ ಮೀರು!"

"ಲೋಕ ಮೀರು! ಲೋಕ ಮೀರು!" ಎಂದು ಹಿಂದಿನ ಸಾಲಿನ ಕಾಲೇಜು ಹುಡುಗರು ಎದ್ದು ನಿಂತು ಕೂಗಿದರು. ಕಾರ್ಯದರ್ಶಿಗಳೂ ಮುಷ್ಟಿ ಎತ್ತಿ ಕೂಗಿದರು. ಕಾದಂಬರಿಕಾರರು ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡು ನನ್ನನ್ನು ದೀನವಾಗಿ ನೋಡಿದರು.

"ಭಾವ ಉಕ್ಕಿ ಇವರ ಗಂಟಲು ಕಟ್ಟಿದೆ" ಎಂದು ನಾನು ಗದ್ಗದಿತನಾದೆ.

ದಡದಡನೆ ಮೆಟ್ಟಿಲು ಹತ್ತಿದ ಸದ್ದಾಯಿತು. ನನ್ನವಳು ವೇದಿಕೆಗೇ ಬಂದಿದ್ದಳು. ಹೂದಾನಿಯನ್ನು ಸರಿಸಿದಳು. ಅದರ ಹಿಂದೆ ನೀರಿನ ಹೂಜಿ. ಲೋಟಕ್ಕೆ ಸುರಿದು ಕಾದಂಬರಿಕಾರರ ಕೈಗಿಟ್ಟಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, ತನ್ನ ಮಟ್ಟಿಗೆ ಬಹಳ ಮೆಲ್ಲಗೆ, "ರೀ, ಅವರು ಆಗಿಂದ ಕೇಳ್ತಿರೋದು ಲೋಟ ನೀರು!" ಎಂದಳು.

ನನ್ನ ಕಿವಿಯ ಪಕ್ಕದಲ್ಲೇ ಮೈಕು ಇತ್ತು.

ಪುರಭವನದಲ್ಲಿ ಎದ್ದ ನಗುವನ್ನು ನಾನು ವರ್ಣಿಸಲಾರೆ. ನನಗೆ ಮಂಗಳ ಗ್ರಹಕ್ಕೆ ಒಂದು ಟಿಕೆಟ್ಟು ಕೊಟ್ಟಿದ್ದರೆ ನಿಂತ ಕಾಲಲ್ಲೇ ಹೊರಟುಬಿಡುತ್ತಿದ್ದೆ. ಆದರೆ ಎಲ್ಲರಿಗಿಂತ ಹೆಚ್ಚು ನಕ್ಕವರು ಕಾದಂಬರಿಕಾರರೇ. ಅರ್ಧ ಬಾಯಿ ಮಾತ್ರ ನಗುತ್ತಿತ್ತು, ಇನ್ನರ್ಧದಿಂದ ನೀರು ಸೋರುತ್ತಿತ್ತು. ನನ್ನ ಬೆನ್ನು ತಟ್ಟಿ, ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಉಳಿದ ಪ್ರಶ್ನೆಗಳಿಗೆ ನನ್ನವಳ ಕೈಲಿ ಅನುವಾದ ಮಾಡಿಸಿದರು. ಅವಳು ಒಂದು ಪದಕ್ಕೆ ಒಂದೇ ಪದ ಹೇಳಿದಳು. ಜನ ಅದಕ್ಕೂ ಕುಣಿದಾಡಿ ನಕ್ಕರು.

ಮರುವರ್ಷ ಅವರ ಹೊಸ ಕಾದಂಬರಿ ಅಂಚೆಯಲ್ಲಿ ಕ್ಲಿನಿಕ್ಕಿಗೆ ಬಂತು. ಮೊದಲ ಪುಟದಲ್ಲಿ ಆ ಇರುವೆ ಅಕ್ಷರದಲ್ಲಿ, 'ಇದರಲ್ಲಿ ನಿಮಗೊಂದು ಪಾತ್ರವಿದೆ' ಎಂದಿತ್ತು. ನಾನು ಬೀದಿಯವರಿಗೆಲ್ಲ ಸಾರಿಬಿಟ್ಟು ಬಂದು ಪುಸ್ತಕ ಹುಡುಕಿದರೆ, ಅದು ನನ್ನವಳ ಕೈಯಲ್ಲಿತ್ತು. ಕಥೆ ಪುಸ್ತಕ ಮುಟ್ಟದವಳು ರೋಗಿಗಳನ್ನು ಹೊರಗೆ ಕಾಯಿಸಿ ಓದುತ್ತಿದ್ದಳು!

"ನನ್ನ ಪಾತ್ರ ಸಿಕ್ಕಿತೇನೇ? ನಾಯಕನಾ?" ಎಂದೆ.

"ಭಾಷಾಂತರ ಮಾಡೋ ಯಂತ್ರ" ಎಂದಳು, ಪುಸ್ತಕದಿಂದ ತಲೆಯೆತ್ತದೆ. "ಬಾಯಾರಿ ಬಂದ ಅನ್ಯಗ್ರಹದವರು ನೀರು ಕೇಳಿದರೆ, ಅದು 'ಯುದ್ಧಕ್ಕೆ ಬನ್ನಿ' ಅಂತ ಹೇಳಿಬಿಡುತ್ತೆ. ಮೂರನೇ ಪುಟದಲ್ಲಿ ನೌಕೆಯ ಡಾಕ್ಟರಮ್ಮ ಬಂದು ಅದರ ಬೆನ್ನಲ್ಲಿರೋ ಗುಂಡಿ ಒತ್ತುತ್ತಾಳೆ. ಆಮೇಲೆ ಇನ್ನೂರು ಪುಟ ಅದು ಒಂದು ಮಾತೂ ಆಡಲ್ಲ. ಎಷ್ಟು ಚೆನ್ನಾಗಿದೆ ಅಂತೀರಿ!"

ಅಷ್ಟು ಹೇಳಿ ಪುಸ್ತಕ ಮಡಚಿ, ನನ್ನನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ, ನನ್ನ ಬೆನ್ನನ್ನು ಬಹಳ ಹೊತ್ತು ಆಸೆಯಿಂದ ತಡವಿ ನೋಡಿದಳು.